ಆಟೋ ಗೇರ್ ಮಗಳು

ಮಾರ್ಚ್ 3, ಸಂಜೆ
ಇವತ್ತೂ ಹೋಟೆಲಿನಲ್ಲಿ ಹಬೆ ಪಾತ್ರೆಗಳ ಮುಂದೆಯೇ ಡ್ಯೂಟಿ. ಮನೆಗೆ ಬಂದರೆ ಮಗಳು ಚಿ-ಯಾನ್ ಅನ್ನ ಮಾಡಿ, ಹೋಮ್‌ವರ್ಕ್ ಮುಗಿಸಿ, ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟಿದ್ದಳು. ಹನ್ನೊಂದು ವರ್ಷ! ಎದುರು ಫ್ಲ್ಯಾಟಿನ ಫೂ ಅಕ್ಕನ ಮಗನಿಗೆ ಹಲ್ಲುಜ್ಜಲೂ ಕೂಗಬೇಕು. "ನಿನ್ನ ಮಗಳು ಬಿಡು, ಜಿ-ದುಂಗ್-ಬೊ" ಅಂದಳು ಅಕ್ಕ. ಅಂದರೆ ಆಟೋ ಗೇರ್ ಗಾಡಿ. ಯಾರೂ ಗೇರ್ ಹಾಕಬೇಕಿಲ್ಲ, ತಾನೇ ಓಡುತ್ತದೆ. ಮಗಳ ಎದುರೇ ಅಂದಳು. ನಾನೂ ತಡೆಯಲಿಲ್ಲ. ಹೆಮ್ಮೆ.

ಮಾರ್ಚ್ 9, ಭಾನುವಾರ
ಬೆಳಗ್ಗೆ ಗಂಜಿ ಬೇಡವೆಂದಳು. ಹೊಟ್ಟೆ ನೋವಂತೆ. ಭಾನುವಾರ ಹೋಟೆಲಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ, ಆಗಲೇ ತಡ. ಮಾತ್ರೆ ಡ್ರಾಯರಿನಲ್ಲಿದೆ, ನೀನೇ ನೋಡಿಕೊ ಎಂದು ಓಡಿದೆ. ಸಂಜೆ ಕೇಳಲು ಮರೆತೆ.

ಮಾರ್ಚ್ 12, ಮಧ್ಯಾಹ್ನ 3
ಆಸ್ಪತ್ರೆ ಕಾರಿಡಾರ್. ಕ್ಲಾಸಿನಲ್ಲಿ ಕುಸಿದಳಂತೆ. ಅಪೆಂಡಿಕ್ಸ್ ಒಡೆದಿದೆ. ಒಳಗೆ ಆಪರೇಷನ್...
ಕ್ಲಾಸ್ ಟೀಚರ್ ಮಿಸ್ ಲೌ ಅವಳ ಹ್ಯಾಂಡ್‌ಬುಕ್, ಶಾಲೆಯ ಡೈರಿ, ತಂದರು. ಸೋಮವಾರ, ಮಂಗಳವಾರ — ಎರಡು ದಿನವೂ ಬರೆದಿದ್ದಾರೆ, ಹೊಟ್ಟೆನೋವು, ಡಾಕ್ಟರಿಗೆ ತೋರಿಸಿ ಎಂದು. ಕೆಳಗೆ ನನ್ನ ಸಹಿ.
"ಸಹಿ ಹಾಕಿದೀರಿ, ಕರ್ಕೊಂಡು ಹೋಗ್ಲಿಲ್ವಾ?"
ನಾನು ಹಾಕಿದ್ದಲ್ಲ. ಹಿಂದಿನ ಪುಟಗಳನ್ನು ತಿರುವಿದೆ. ಸೆಪ್ಟೆಂಬರ್‌ನಿಂದ ಒಂದೂ ನನ್ನದಲ್ಲ. ನನ್ನ ಸಹಿಗಿಂತ ನೀಟಾಗಿವೆ. ದಿನಾ ಸಹಿ ಹಾಕಬೇಕಿತ್ತು ಎಂಬುದೇ ಆರು ತಿಂಗಳು ನೆನಪಾಗಿರಲಿಲ್ಲ ನನಗೆ.
ನಾನೇ ಹಾಕಿದ್ದು, ಗಮನಿಸಲಿಲ್ಲ, ಎಂದೆ.

ಮಾರ್ಚ್ 14
ಜ್ವರ ಇಳಿದಿದೆ. ಕೇಳಬಾರದಿತ್ತು, ಕೇಳಿದೆ.
"ಅಷ್ಟು ನೋವಿದ್ರೂ ಯಾಕೆ ಹೇಳ್ಲಿಲ್ಲ ಪುಟ್ಟಿ?"
"ಹೇಳಿದ್ನಲ್ಲಮ್ಮ. ನೀನೇ ನೋಡ್ಕೋ ಅಂದೆ. ನೋಡ್ಕೊಂಡೆ."
ದೂರುವ ದನಿಯಲ್ಲ. ಹೋಮ್‌ವರ್ಕ್ ಒಪ್ಪಿಸುವ ದನಿ.

ಮಾರ್ಚ್ 19
ಹೊಲಿಗೆ ಬೇಗ ಮಾಯಲೆಂದು ಫೂ ಅಕ್ಕ ಮೀನಿನ ಸೂಪ್ ತಂದಳು. ಬಾತ್‌ರೂಮಿಗೂ ಒಬ್ಬಳೇ ಹೋಗುತ್ತಾಳೆಂದು ನರ್ಸ್ ಹೊಗಳಿದ್ದೇ ತಡ, ಅಕ್ಕ ಮತ್ತೆ ಅದೇ ಜಿ-ದುಂಗ್-ಬೊ ಮಾತು ತೆಗೆದಳು. ಇನ್ನು ಆ ಪದ ಆಡಬೇಡ ಅಂದೆ. ಮುಖ ಊದಿಸಿಕೊಂಡು ಹೋದಳು. ಹೋಗಲಿ.

ಮಾರ್ಚ್ 23, ಬೆಳಗ್ಗೆ
ನಿನ್ನೆ ಮನೆಗೆ ಬಂದೆವು. ಅವಳ ತಲೆ ಬಾಚಲು ಹೋದೆ. ಬೇಡವೆಂದಳು. ಕೈ ಎತ್ತಿದರೆ ಹೊಲಿಗೆ ಎಳೆಯುತ್ತದೆ, ಕಣ್ಣಲ್ಲಿ ನೀರು, ಆದರೂ ಬಾಚಣಿಗೆ ಕೊಡಲಿಲ್ಲ. ಪಕ್ಕದಲ್ಲೇ ನಿಂತೆ. ನಾನಿನ್ನೂ ಯಾಕೆ ಡ್ಯೂಟಿಗೆ ಹೋಗಿಲ್ಲವೆಂದು ಕೇಳಿದಳು. ವಾರ ರಜ ಹಾಕಿದ್ದೇನೆ ಎಂದೆ.
"ಯಾಕಮ್ಮ?"
ನಿಜವಾಗಿಯೂ ಗೊತ್ತಾಗಲಿಲ್ಲ ಅವಳಿಗೆ. ನಿನ್ನನ್ನು ನಾನು ನೋಡಿಕೊಳ್ಳಲು, ಎಂದೆ.