ಚಹಾ ಕುಡಿದು ಬರೆದ ಆರೋಗ್ಯ

ಸಮುದಾಯ ಆರೋಗ್ಯ ಸಂಶೋಧನೆಯ ಮೇಲಧಿಕಾರಿಗಳೇ,

ನಿಮ್ಮ ಸಮೀಕ್ಷೆ ಆರೋಗ್ಯವಂತಳೆಂದು ಬರೆದುಕೊಂಡ ನನ್ನ ತಾಯಿ ಶರೀಫಾ ಬೀಯ ಎಡಗಾಲನ್ನು ಕಳೆದ ತಿಂಗಳು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಭಿನಂದನೆಗಳು. ನಿಮ್ಮ ವರದಿಯ ಮಟ್ಟಿಗೆ ಆಕೆ ಈಗಲೂ ಆರೋಗ್ಯವಾಗಿಯೇ ಇದ್ದಾಳೆ.

ನಿಮ್ಮವರು ಕಾನಹೊಸಹಳ್ಳಿಯ ನಮ್ಮ ಓಣಿಗೆ ಬಂದದ್ದು ‘ಜನರ ಸಹಭಾಗಿತ್ವ’ಕ್ಕಾಗಿ. ಜಮಖಾನೆ ಹಾಸಿ ಕೂರಿಸಿದೆವು. ಏನಾದರೂ ತೊಂದರೆ ಇದೆಯೇ ಎಂದು ಅವರು ಕೇಳಿದಾಗ, ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದ್ದ ಪಾದವನ್ನು ಅಮ್ಮ ಸೀರೆಯೊಳಗೆ ಎಳೆದುಕೊಂಡಳು.

“ಅಲ್ಲಾನ ದಯಾ, ಆರಾಮ ಅದೀವ್ರಿ. ನೀವು ಮೊದ್ಲು ಚಾ ಕುಡೀರಿ.”

ಅವರು ಕುಡಿದರು, ಟಿಕ್ ಹಾಕಿದರು, ಫೋಟೋ ತೆಗೆಸಿಕೊಂಡು ಹೋದರು. ಪಕ್ಕದ ಮನೆಯ ಬೊಮ್ಮಮ್ಮ ಹಳೆಯ ಕೆಮ್ಮನ್ನು ನುಂಗಿಕೊಂಡು ಅವರಿಗೆ ಮಂಡಕ್ಕಿ ಕೊಟ್ಟು ಕಳಿಸಿದಳು. ಆಮೇಲೆ ಬಂದು ಅಮ್ಮನನ್ನೇ ಬೈದಳು.

“ಕಾಲು ಆ ಪರಿ ಬಾತೈತಿ, ಯಾಕ ಬಾಯಿ ಬಿಡ್ಲಿಲ್ಲ ಬೂಬಮ್ಮ?”

“ಮನಿಗೆ ಬಂದೋರು ಚಾ ಕುಡಿಯಾಕತ್ತಿದ್ರು. ಅವರ ಮುಂದ ಕೀವು ತೋರ್ಸಾಕ ಆಗ್ತೈತೇನ? ನೀನರ ಕೆಮ್ಮಿದೇನ?”

ಮನೆಗೆ ಬಂದವರ ಮುಂದೆ ನೋವು ಹೇಳಿಕೊಳ್ಳದಿರುವುದು ನಮ್ಮ ಕಡೆಯ ರೂಢಿ. ನಮ್ಮನ್ನು ಅರಿಯಲೆಂದೇ ಸರ್ಕಾರದ ಗಾಡಿಯಲ್ಲಿ ಬಂದ ಪಂಡಿತರಿಗೆ ಇಷ್ಟೂ ತಿಳಿಯಬೇಡವೇ? ಓಣಿಯಲ್ಲಿ ರೋಗವೇ ಇಲ್ಲವೆಂದು ಷರಾ ಬರೆದು, ನಮಗೆ ಬರಬೇಕಿದ್ದ ಸಂಚಾರಿ ಆಸ್ಪತ್ರೆಯನ್ನು ಬೇರೆಡೆಗೆ ತಿರುಗಿಸಿದಿರಿ. ಅಮ್ಮ ಬಸ್ಸು ಹತ್ತಿದಳು. ಸಕ್ಕರೆ ನೋಡುವವರು ಒಂದು ಊರಲ್ಲಿ, ಗಾಯ ನೋಡುವವರು ಇನ್ನೊಂದು ಊರಲ್ಲಿ. ಇವರು ಅವರನ್ನು ಕೇಳಿ ಎಂದರು, ಅವರು ಇವರನ್ನು. ಈ ಅಲೆದಾಟಕ್ಕೆ ‘ಸಮಗ್ರ ಸೇವೆ’ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರು ಸ್ವಾಮಿ? ನಾನು ಸ್ಕೂಟರ್ ಮೆಕ್ಯಾನಿಕ್. ಬ್ರೇಕಿಗೆ ಒಂದೂರು, ಟೈರಿಗೆ ಇನ್ನೊಂದೂರು ಎಂದು ಕಳಿಸಿದರೆ ಗಿರಾಕಿ ನನ್ನ ಕಪಾಳಕ್ಕೆ ಬಾರಿಸುತ್ತಾನೆ. ನಿಮಗೆ ಬಡ್ತಿ ಸಿಗುತ್ತದೆ.

ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿದೆ. ಅಮ್ಮನಿಗೆ ಬಂದಿಲ್ಲ. ನಿಮ್ಮ ಹುಡುಗರು ಬಹಳ ಒಳ್ಳೆಯವರು ಎಂದು ಈಗಲೂ ಹೊಗಳುತ್ತಾಳೆ. ಅದನ್ನೂ ವರದಿಗೆ ಸೇರಿಸಿಕೊಳ್ಳಿ.

ಸಕ್ಕರೆ ಮತ್ತು ಗಾಯ ಎರಡನ್ನೂ ಒಂದೇ ದಿನ, ಒಂದೇ ಕಡೆ ನೋಡುವ ವ್ಯವಸ್ಥೆ ಈ ವಾರವೇ ಆಗಬೇಕು. ಪ್ರಶ್ನೆ ಕೇಳುವ ಕೆಲಸವನ್ನು ಓಣಿಯ ಹೆಂಗಸರಿಗೇ ಕೊಡಿ. ಬೊಮ್ಮಮ್ಮನ ಮುಂದೆ ಯಾರೂ ಪಾದ ಮುಚ್ಚಿಕೊಳ್ಳುವುದಿಲ್ಲ. ಇಷ್ಟು ಅವಸರವೇಕೆ ಎನ್ನುತ್ತೀರಾ? ನಿನ್ನೆಯಿಂದ ಅಮ್ಮನ ಬಲಗಾಲಿನ ಹೆಬ್ಬೆರಳು ಕಪ್ಪಾಗುತ್ತಿದೆ.

ಇಂತಿ,
ನಿಮ್ಮ ಸಹಭಾಗಿಗಳ ಪೈಕಿ ಸದ್ಯಕ್ಕೆ ಎರಡೂ ಕಾಲಿರುವ
ಸರ್ಫರಾಜ