ಸದ್ದಿಲ್ಲದ ಮೋಟಾರು

ಮೂಡಿಗೆರೆ
೧೪ ಆಗಸ್ಟ್ ೨೦೨೫

ಪ್ರೀತಿಯ ಶಶಿಕಿರಣ್,

ನೀನೂ ಮನೆಯವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ನಿನ್ನ ಫೋನ್ ಎತ್ತದೆ ಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಅಪ್ಪ ತೀರಿಕೊಂಡದ್ದು ನಿನಗೆ ಗೊತ್ತು. ಹೇಗೆಂದು ಯಾರೂ ಹೇಳಿರಲಾರರು. ಬಾಯಲ್ಲಿ ಹೇಳಲಾರದೆ ಬರೆಯುತ್ತಿದ್ದೇನೆ.

ನಿನ್ನ ಕಂಪನಿಯವರು ನನ್ನ ಮೋಟಾರು ನೋಡಲು ಬರುತ್ತಾರೆ ಎಂದಿದ್ದೆಯಲ್ಲ. ಮೋಟಾರು ಚೆನ್ನಾಗಿಯೇ ಆಯಿತು. ಪ್ರೇಮಾಳ ಎಲೆಕ್ಟ್ರಿಕ್ ಆಟೋ ಸಮತಟ್ಟಿನಲ್ಲಿ ಹಾಯಾಗಿ ಓಡಿದರೂ ಜಾವಳಿಯ ಏರಿನಲ್ಲಿ ಸೋಲುತ್ತಿತ್ತು. ಭಾರ ಹೊತ್ತು ನಿಧಾನವಾಗಿ ಹತ್ತುವಾಗ ಬ್ಯಾಟರಿಯ ಕರೆಂಟು ಚಕ್ರಕ್ಕೆ ಹೋಗುವ ಬದಲು ಮೋಟಾರಿನಲ್ಲೇ ಶಾಖವಾಗಿ ಹಾಳಾಗುತ್ತಿತ್ತು. ಜನ ಇಳಿದು ತಳ್ಳಬೇಕಿತ್ತು. ಪಂಪ್‌ಸೆಟ್ಟಿಗೆ ವೈಂಡಿಂಗ್ ಮಾಡುವವನ ಹೆಂಡತಿಯ ಗಾಡಿಗೆ ಇಂಥ ಗತಿಯೇ ಎಂದು ಹಟ ಬಂತು. ದಪ್ಪ ತಾಮ್ರದ ತಂತಿ ಸುತ್ತಿದೆ, ಏರಿಗೆ ಹೊಂದುವ ಗೇರು ಹಾಕಿದೆ.

ನನಗೆ ವೈಂಡಿಂಗ್ ಕಲಿಸಿದ ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. "ಇನ್ನೂ ಎಲ್ಲೋ ಉಜ್ತಾ ಇದೆ ಕಣೋ. ಸದ್ದು ಅಂದ್ರೆ ಶಕ್ತಿ ಪೋಲು ಆದ ಹಾಗೇ" ಎನ್ನುತ್ತಿದ್ದರು. ಬೇರಿಂಗ್ ಬದಲಿಸಿದೆ, ಗೇರಿನ ಹಲ್ಲು ನಯ ಮಾಡಿದೆ. ಕೊನೆಗೆ ಸದ್ದೇ ಅಡಗಿತು. ಪ್ರೇಮಾ ಗಾಡಿ ತುಂಬ ಜನ ಕೂರಿಸಿಕೊಂಡು ಜಾವಳಿಗೆ ಹೋಗಿ ಬಂದವಳೇ, "ರೀ, ಬರೀ ಗಾಳಿ ಕೇಳಿಸ್ತದೆ!" ಎಂದು ಕುಣಿದಾಡಿದಳು.

ಮರುವಾರ ಸಂಜೆ ಅವಳು ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಬರುತ್ತಿದ್ದಳು. ಅಪ್ಪ ಎದುರು ಮನೆಯ ಶಾಂತವೀರಪ್ಪನವರ ಬಳಿ ಮಾತಾಡಲು ಹೊರಟಿದ್ದರು. ರಸ್ತೆ ಅಂಚಿನಲ್ಲಿ ನಿಂತು ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಕಾಲಿಟ್ಟರು.

"ಮಾವ ನಿಂತಿದ್ದು ಕಾಣ್ತು ರೀ. ಹಳೇ ಸದ್ದಿಗೆ ಯಾವಾಗ್ಲೂ ನಿಲ್ತಿದ್ರಲ್ಲ, ಈಗಲೂ ನಿಲ್ತಾರೆ ಅಂದ್ಕೊಂಡೆ" ಎಂದು ಪ್ರೇಮಾ ಒಮ್ಮೆ ಹೇಳಿದಳು. ಮತ್ತೆ ಆ ಮಾತು ಎತ್ತಿಲ್ಲ. ಹಾರನ್ ಒತ್ತುವಷ್ಟರಲ್ಲಿ ಹತ್ತಿರ ಬಂದಾಗಿತ್ತು, ರಸ್ತೆ ಒದ್ದೆಯಾಗಿತ್ತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅಪ್ಪ ಹೋದರು.

ಯಾರೂ ನಮ್ಮನ್ನು ದೂರಲಿಲ್ಲ. "ವಯಸ್ಸಾಗಿತ್ತು ಬಿಡು ಮಾರಾಯ" ಎನ್ನುತ್ತಾರೆ ಶಾಂತವೀರಪ್ಪ. ಪ್ರೇಮಾ ಆಟೋ ಮುಟ್ಟುವುದಿಲ್ಲ. ನಾವಿಬ್ಬರೂ ಒಟ್ಟಿಗೇ ಊಟಕ್ಕೆ ಕೂರುತ್ತೇವೆ, ಮುಖ ನೋಡಿಕೊಳ್ಳುವುದಿಲ್ಲ. ಮೊನ್ನೆ ಮೋಟಾರು ಬಿಚ್ಚಿ ಹುಡುಕಿದೆ. ಒಂದು ದೋಷವೂ ಸಿಗಲಿಲ್ಲ. ಸಿಕ್ಕಿದ್ದರೆ ಸರಿಮಾಡಬಹುದಿತ್ತು.

ನಿನ್ನವರಿಗೆ ಬರಬೇಡಿ ಎನ್ನು. ಅಂಗಡಿಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟೆ. ನಿನ್ನ ಮಕ್ಕಳು ಚೆನ್ನಾಗಿ ಬಾಳಲಿ, ನಿನ್ನ ಕೈ ಹಿಡಿದ ಕೆಲಸ ನಿನ್ನನ್ನು ಕಾಯಲಿ.

ಇಂತಿ ನಿನ್ನ
ವೀರೇಂದ್ರ

ತಾ.ಕ.: ಪ್ರೇಮಾಳಿಗೆ ಹೇಳದ ಒಂದು ಮಾತಿದೆ. ಆಸ್ಪತ್ರೆಯಲ್ಲಿ ಅಪ್ಪನಿಗೆ ಒಮ್ಮೆ ಎಚ್ಚರವಾಗಿತ್ತು. ನನ್ನ ಕೈ ಸವರಿ, "ಎಂಥಾ ಮೋಟಾರು ಮಾಡಿದ್ಯೋ ವೀರಾ! ಮೈಮೇಲೆ ಬಂದ್ರೂ ಗೊತ್ತಾಗ್ಲಿಲ್ಲ" ಎಂದರು. ಹೆಮ್ಮೆಯಿಂದಲೇ ಅಂದರು.