ಕೆಂಪು ಜಾಕೆಟ್ ಇಟ್ಟುಕೋ

ಭಾಗ್ಯಾ,

ಬೆಟ್ಟ ಹತ್ತೋಕೆ ಅಂತ ನೀನು ತರಿಸಿದ ಎರಡೂ ಜಾಕೆಟ್‌ಗಳನ್ನು ಕೇಳದೆ ಕೆಲಸಕ್ಕೆ ಒಯ್ದಿದ್ದೆ, ಬೈಯಬೇಡ. ನಮ್ಮ ಐಸ್‌ಕ್ರೀಮ್ ಗೋದಾಮಿನ ಕೋಲ್ಡ್‌ರೂಮಿನಲ್ಲಿ ಒಂದೊಂದನ್ನೂ ಹಾಕಿಕೊಂಡು ಹತ್ತು ಹತ್ತು ನಿಮಿಷ ಡಬ್ಬಿ ಜೋಡಿಸಿದೆ. "ಏನಕ್ಕಾ, ಹಿಮಾಲಯಕ್ಕ ಹೊಂಟೀರೇನ್?" ಅಂತ ಜೊತೆಗೆ ಡಬ್ಬಿ ಜೋಡಿಸುತ್ತಿದ್ದ ಜಯಮಾಲಾ ನಕ್ಕಿದ್ದೇ ನಕ್ಕಿದ್ದು.

ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ನೀನು ಹಟ ಹಿಡಿದಿರುವ ಕಪ್ಪು ಜಾಕೆಟ್ ಭಾರ, ಹೊಲಿಗೆಯಲ್ಲೆಲ್ಲ ಚಳಿ ನುಗ್ಗುತ್ತೆ. ಕೊರಿಯರ್‌ನವರು ಬಂದಾಗ ಅದನ್ನು ವಾಪಸ್ ಕೊಡು. ಕೆಂಪನೆಯದಕ್ಕೆ ತೂಕವೇ ಇಲ್ಲ, ಆದರೂ ಬೆನ್ನು ಬೆಚ್ಚಗಿತ್ತು. ಒಳಗೆ ತುಂಬಿರುವ ಪುಕ್ಕ ಹೊಲಿಗೆಯಿಂದ ಇಣುಕಿದರೆ ಕೀಳಬೇಡ, ಒಳಗಿನಿಂದ ಎಳೆದುಕೋ. ಒಂದನ್ನು ನಾನು ಕಿತ್ತೆ, ಹಿಂದೆಯೇ ಇನ್ನೆರಡು ಬಂದವು. ನೆಂದರೆ ಪುಕ್ಕವೆಲ್ಲ ಮುದ್ದೆಯಾಗುತ್ತಂತೆ, ರೇನ್‌ಕೋಟ್ ಮರೆಯಬೇಡ.

ರೊಟ್ಟಿ ಡಬ್ಬಿಯಲ್ಲಿದೆ. ಬೆಳಿಗ್ಗೆ ನನ್ನನ್ನು ಎಬ್ಬಿಸಬೇಡ. ಕೆ.ಆರ್. ಪುರದಿಂದ ಹಲಸೂರಿನವರೆಗೂ ಮೆಟ್ರೊದಲ್ಲಿ ನಿಂತೇ ಬಂದೆ, ಕಾಲು ಹಿಡಿದುಕೊಂಡಿವೆ.

ಹನ್ನೊಂದು ವರ್ಷದಿಂದ ಕಂಪನಿ ಕೊಟ್ಟ ಕೋಟಿನಲ್ಲಿ ನಡುಗುತ್ತಲೇ ಕೆಲಸ ಮಾಡಿದ್ದೇನೆ. ಆ ಕೋಣೆಯಲ್ಲಿ ಎಲ್ಲರೂ ಹಾಗೇ ನಡುಗಬೇಕು ಅಂದುಕೊಂಡಿದ್ದೆ. ಬೆಟ್ಟ ಹತ್ತಿ ಬಂದ ಮೇಲೆ ಈ ಜಾಕೆಟ್ಟನ್ನು ಬೀರುವಿಗೆ ಸೇರಿಸಬೇಡ. ಮರುದಿನದಿಂದಲೇ ನನಗೆ ಬೇಕು.

ಅವ್ವ